ಉಮ್ಮ ಮುಚ್ಚಿಟ್ಟ ಕಾಯಿಲೆ

2018ರ ರಮಝಾನ್. ಮೇ ತಿಂಗಳ ಸೆಖೆ. ಅಂದು ಹತ್ತನೆಯ ಉಪವಾಸ. ಶಾಲೆಗೆ ಬೇಸಿಗೆ ರಜೆ ಇದ್ದುದರಿಂದ ನಾನು ಮಕ್ಕಳೊಂದಿಗೆ ತವರಿಗೆ ಬಂದಿದ್ದೆ. ಸಹರಿಗೆ ಎದ್ದ ಉಮ್ಮ ವುಝೂ ಮಾಡಲು ಬಚ್ಚಲಿನ ಕಟ್ಟೆಯ ಮೇಲೆ ಕುಳಿತಿದ್ದರು. ಕಾಲು ತೊಳೆಯಲೆಂದು ಸೀರೆಯ ಅಂಚನ್ನು ತುಸು ಮೇಲೆತ್ತಿದಾಗ ಅವರ ಪಾದಗಳು ನನ್ನ ಕಣ್ಣಿಗೆ ಬಿದ್ದವು. ಎರಡೂ ಪಾದಗಳು ಊದಿಕೊಂಡಿದ್ದವು. ಹತ್ತಿರ ಹೋಗಿ ಬೆರಳಿನಿಂದ ಒತ್ತಿ ನೋಡಿದೆ. ಒತ್ತಿದಲ್ಲಿ ಗುಳಿ ಬಿತ್ತು. ಬೆರಳು ತೆಗೆದ ಮೇಲೂ ಆ ಗುಳಿ ಸ್ವಲ್ಪ ಹೊತ್ತು ಹಾಗೆಯೇ ಇತ್ತು.

"ಎಷ್ಟು ದಿನದಿಂದ ಹೀಗಿದೆ ಉಮ್ಮಾ?"

"ಅದೇನಿಲ್ಲ ಮಗಳೇ. ಅಡುಗೆ ಮನೆಯಲ್ಲಿ ನಿಂತು ನಿಂತು ಹೀಗಾಗಿದೆ. ಪೆರ್ನಾಲ್ ಕಳೆಯಲಿ, ಡಾಕ್ಟರಿಗೆ ತೋರಿಸಿದರಾಯಿತು."

ನನಗೆ ಸಮಾಧಾನವಾಗಲಿಲ್ಲ. ಬೆಳಗ್ಗೆ ಅವರು ಎಷ್ಟೇ ಬೇಡವೆಂದರೂ ಕೇಳದೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಉಮ್ಮನಿಗೆ ಆಗ 56 ವರ್ಷ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ರಕ್ತದೊತ್ತಡದ ಮಾತ್ರೆಯನ್ನು 'ತಲೆ ತಿರುಗಿದರೆ ಮಾತ್ರ' ನುಂಗುತ್ತಿದ್ದರೆಂಬುದು ಅಂದೇ ನನಗೆ ತಿಳಿದದ್ದು. ರಕ್ತದೊತ್ತಡ 180/100 ಇತ್ತು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಧಾರಾಳವಾಗಿ ಹೋಗುತ್ತಿತ್ತು. ಹಿಮೋಗ್ಲೋಬಿನ್ 8.4. ರಕ್ತದ ಕ್ರಿಯೇಟಿನಿನ್ 2.8.

ವೈದ್ಯರು ಒಂದೊಂದೇ ಪ್ರಶ್ನೆ ಕೇಳತೊಡಗಿದರು. ರಾತ್ರಿ ಎಷ್ಟು ಬಾರಿ ಏಳುತ್ತೀರಿ? ಮೂತ್ರದಲ್ಲಿ ನೊರೆ ಕಾಣುತ್ತದೆಯೇ? ಬೆಳಗ್ಗೆ ಕಣ್ಣಿನ ರೆಪ್ಪೆ ಊದಿರುತ್ತದೆಯೇ? ನೋವಿನ ಮಾತ್ರೆ ತೆಗೆದುಕೊಳ್ಳುತ್ತೀರಾ? ಉಮ್ಮ ತಲೆ ತಗ್ಗಿಸಿ ಎಲ್ಲದಕ್ಕೂ ಹೌದೆಂದರು. ಒಂದು ವರ್ಷದಿಂದ ರಾತ್ರಿ ನಾಲ್ಕು ನಾಲ್ಕು ಬಾರಿ ಎದ್ದು ಹೋಗುತ್ತಿದ್ದರಂತೆ. ಸಾಬೂನಿನ ನೀರಿನಂತೆ ನೊರೆ ಬರುತ್ತಿತ್ತಂತೆ. ಮಂಡಿನೋವಿಗೆಂದು ಎರಡು ವರ್ಷಗಳಿಂದ ಔಷಧದ ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ದಿನಕ್ಕೊಂದರಂತೆ ನುಂಗುತ್ತಿದ್ದರಂತೆ. ಒಂದೇ ಮನೆಯಲ್ಲಿದ್ದ ಉಪ್ಪನಿಗಾಗಲಿ, ವಾರಕ್ಕೆ ಮೂರು ಬಾರಿ ಫೋನ್ ಮಾಡುವ ನನಗಾಗಲಿ ಇದೊಂದೂ ಗೊತ್ತಿರಲಿಲ್ಲ.

"ಯಾಕೆ ಉಮ್ಮಾ ಹೇಳಲಿಲ್ಲ?" ಎಂದು ಹೊರಗೆ ಬಂದ ಮೇಲೆ ಕೇಳಿದೆ.

"ಇದನ್ನೆಲ್ಲ ಹೇಗೆ ಹೇಳುವುದು ಮಗಳೇ? ನಾಚಿಕೆಯ ವಿಷಯವಲ್ಲವೇ?"

ಆ ಒಂದು ಮಾತು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ನಾವು ತಲೆನೋವನ್ನು ಹೇಳುತ್ತೇವೆ, ಹೊಟ್ಟೆನೋವನ್ನು ಹೇಳುತ್ತೇವೆ. ಮೂತ್ರದ ವಿಷಯ ಬಂದಾಗ ಮಾತ್ರ ಬಾಯಿ ಕಟ್ಟಿದಂತಾಗುತ್ತದೆ. ಹಾಗೆ ನಾಚಿಕೆಯಿಂದ ಮುಚ್ಚಿಟ್ಟದ್ದು ನಮ್ಮ ಮನೆಗೆ ಎಷ್ಟು ದುಬಾರಿಯಾಯಿತು ಎಂಬುದನ್ನು ಈ ಪುಟದಲ್ಲಿ ಹಂಚಿಕೊಳ್ಳಬೇಕೆನಿಸಿತು.

ನಮ್ಮನ್ನು ಕಿಡ್ನಿ ತಜ್ಞರ ಬಳಿಗೆ ಕಳುಹಿಸಲಾಯಿತು. ಅವರು ತಾಳ್ಮೆಯುಳ್ಳವರು. ಒಂದು ಚೀಟಿಯ ಹಿಂಬದಿಯಲ್ಲಿ ಎರಡು ಗೇರುಬೀಜಗಳಂತೆ ಚಿತ್ರ ಬರೆದು ವಿವರಿಸಿದರು. ಮೂತ್ರಪಿಂಡಗಳು ನಮ್ಮ ಬೆನ್ನಿನ ಕಡೆ, ಪಕ್ಕೆಲುಬುಗಳ ಕೆಳತುದಿಯಲ್ಲಿ ಬೆನ್ನುಮೂಳೆಯ ಎರಡೂ ಪಕ್ಕಗಳಲ್ಲಿವೆ. ಒಂದೊಂದೂ ನಮ್ಮ ಮುಷ್ಟಿಯಷ್ಟು ದೊಡ್ಡದು, ತೂಕ ಸುಮಾರು 150 ಗ್ರಾಂ. ಇಷ್ಟು ಚಿಕ್ಕ ಅಂಗದೊಳಗೆ ಸುಮಾರು 10 ಲಕ್ಷ ಸೂಕ್ಷ್ಮವಾದ ಸೋಸುವ ಘಟಕಗಳಿವೆ. ಇವುಗಳಿಗೆ ನೆಫ್ರಾನ್ ಎಂದು ಹೆಸರು. ಹೃದಯವು ಪ್ರತಿ ನಿಮಿಷ ಹೊರದೂಡುವ ರಕ್ತದ ಸುಮಾರು ಐದನೇ ಒಂದು ಭಾಗ ಈ ಎರಡು ಅಂಗಗಳಿಗೇ ಹೋಗುತ್ತದೆ.

ದಿನಕ್ಕೆ ಸುಮಾರು 180 ಲೀಟರ್ ದ್ರವ ಅಲ್ಲಿ ಸೋಸಲ್ಪಡುತ್ತದೆ. ನಾವು ಕುಡಿಯುವ ನೀರಿಗೆ ತರಿಸುವ 20 ಲೀಟರಿನ ಕ್ಯಾನ್ ಇದೆಯಲ್ಲ, ಅಂತಹ ಒಂಬತ್ತು ಕ್ಯಾನ್‌ಗಳಷ್ಟು! ಅದರಲ್ಲಿ ದೇಹಕ್ಕೆ ಬೇಕಾದುದೆಲ್ಲವೂ ಮರಳಿ ರಕ್ತಕ್ಕೆ ಸೇರಿ, ಕೊನೆಗೆ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಅಲ್ಲಾಹನ ಸೃಷ್ಟಿಯ ಈ ಏರ್ಪಾಡನ್ನು ಕೇಳುತ್ತಿದ್ದಾಗ ಉಮ್ಮನ ಬಾಯಿಂದ 'ಸುಬ್‌ಹಾನಲ್ಲಾಹ್' ಎಂಬ ಉದ್ಗಾರ ಹೊರಟಿತು.

ಮೂತ್ರಪಿಂಡಗಳ ಕೆಲಸ ಕಸ ಹೊರಹಾಕುವುದು ಮಾತ್ರ ಎಂದು ನಾನು ತಿಳಿದಿದ್ದೆ. ಅದು ತಪ್ಪು. ದೇಹದಲ್ಲಿ ಉಪ್ಪು, ನೀರು, ಪೊಟ್ಯಾಶಿಯಂ, ಆಮ್ಲ ಎಷ್ಟಿರಬೇಕೆಂದು ನಿರ್ಧರಿಸುವುದೂ ಅವೇ. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದರಲ್ಲಿ ಅವುಗಳ ಪಾತ್ರ ದೊಡ್ಡದು. ರಕ್ತ ತಯಾರಿಸಲು ಮೂಳೆಯೊಳಗಿನ ಮಜ್ಜೆಗೆ ಸೂಚನೆ ಕೊಡುವ ಹಾರ್ಮೋನು ಬಹುಪಾಲು ಅಲ್ಲಿಂದಲೇ ಬರುತ್ತದೆ. 'ಡಿ' ಜೀವಸತ್ವವನ್ನು ಮೂಳೆಗಳಿಗೆ ಉಪಯೋಗವಾಗುವ ರೂಪಕ್ಕೆ ತರುವುದೂ ಅಲ್ಲಿಯೇ. ಉಮ್ಮನ ಮುಖ ಬಿಳಿಚಿಕೊಂಡಿದ್ದುದರ ಕಾರಣ ಆಗ ನನಗೆ ಅರ್ಥವಾಯಿತು. ನಾವು 'ರಕ್ತ ಕಡಿಮೆಯಾಗಿದೆ' ಎಂದು ಆರು ತಿಂಗಳು ಬೀಟ್‌ರೂಟ್, ದಾಳಿಂಬೆ, ಖರ್ಜೂರ ತಿನ್ನಿಸಿದ್ದೆವು. ತೊಂದರೆ ಬೇರೆಲ್ಲೋ ಇತ್ತು.

ಕ್ರಿಯೇಟಿನಿನ್ ಎಂದರೆ ಸ್ನಾಯುಗಳಿಂದ ಬರುವ ಒಂದು ತ್ಯಾಜ್ಯ. ಹೆಂಗಸರಲ್ಲಿ ಸಾಮಾನ್ಯವಾಗಿ 1.1ರೊಳಗೆ ಇರಬೇಕು. ಆ ಅಂಕೆ, ವಯಸ್ಸು ಇತ್ಯಾದಿಗಳನ್ನು ಸೇರಿಸಿ ಜಿಎಫ್‌ಆರ್ ಎಂಬ ಲೆಕ್ಕ ಹಾಕುತ್ತಾರೆ. ಆರೋಗ್ಯವಂತರಲ್ಲಿ ಅದು 90ಕ್ಕಿಂತ ಮೇಲಿರುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. 15ಕ್ಕಿಂತ ಕೆಳಗಿಳಿದರೆ ಮೂತ್ರಪಿಂಡ ವೈಫಲ್ಯ. ಉಮ್ಮನದ್ದು 19 ಇತ್ತು. ಐದು ಹಂತಗಳಲ್ಲಿ ನಾಲ್ಕನೆಯ ಹಂತ.

"ಇಷ್ಟಾಗುವವರೆಗೆ ನೋವೇ ಇರಲಿಲ್ಲವಲ್ಲ ಡಾಕ್ಟರ್?" ಎಂದು ಕೇಳಿದೆ.

"ಅದೇ ಇದರ ಕಷ್ಟ. ಕಲ್ಲು, ಸೋಂಕು ಬಂದರೆ ನೋಯುತ್ತದೆ. ಸಕ್ಕರೆ, ರಕ್ತದೊತ್ತಡಗಳಿಂದ ಕಿಡ್ನಿ ಹಾಳಾಗುವಾಗ ನೋವಿರುವುದಿಲ್ಲ. ಅರ್ಧದಷ್ಟು ಕೆಲಸ ನಿಂತುಹೋಗುವವರೆಗೆ ಕ್ರಿಯೇಟಿನಿನ್ ಕೂಡ ಹೆಚ್ಚಾಗದೆ ಇರಬಹುದು. ಆದ್ದರಿಂದ ಕಾಯದೆ ಪರೀಕ್ಷೆ ಮಾಡಿಸಬೇಕು."

ಮದುವೆಗೆ, ದೂರದ ಪ್ರಯಾಣಕ್ಕೆ ಹೊರಡುವಾಗ ಉಮ್ಮ ನೀರು ಕುಡಿಯುವುದನ್ನೇ ನಿಲ್ಲಿಸುತ್ತಿದ್ದರು. ತಮ್ಮನ ಮನೆಗೆ ಬೆಂಗಳೂರಿಗೆ ಹೋಗುವುದಾದರೆ ಅಸರ್ ನಮಾಝಿನ ನಂತರ ಒಂದು ಗುಟುಕು ನೀರನ್ನೂ ಮುಟ್ಟುತ್ತಿರಲಿಲ್ಲ. ರಾತ್ರಿ ಬಸ್ಸು ನಿಲ್ಲಿಸಲು ಹೇಳುವುದು ಹೇಗೆ ಎಂಬ ಸಂಕೋಚ. ಇದರಿಂದಲೇ ಹೀಗಾಯಿತೇ ಎಂದು ನಾನು ಕೇಳಿದ್ದೆ. ಮುಖ್ಯ ಕಾರಣ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ, ಅದಕ್ಕೆ ನೋವಿನ ಮಾತ್ರೆ ಜೊತೆಗೂಡಿತು ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಮೊದಲೇ ಬಳಲಿದ ಮೂತ್ರಪಿಂಡಕ್ಕೆ, ದೇಹದಲ್ಲಿ ನೀರೂ ಕಡಿಮೆಯಿರುವಾಗ, ಅದು ದೊಡ್ಡ ಪೆಟ್ಟು. ಮಂಡಿನೋವಿಗೆ ಔಷಧವೇ ಬೇಡವೆಂದಲ್ಲ. ಅಂಗಡಿಯವನನ್ನು ಕೇಳಿ ವರ್ಷಗಟ್ಟಲೆ ನುಂಗಬಾರದು ಅಷ್ಟೇ.

ಅಂದು ಇನ್ನೊಂದು ವಿಷಯವೂ ಹೊರಬಿತ್ತು. ಸಕ್ಕರೆ ಇಳಿಯುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ ಉಮ್ಮ ಹಿತ್ತಿಲಿನ ಬಿಂಬುಳಿಯ ರಸ ತೆಗೆದು ಕೆಲವು ದಿನ ಕುಡಿದಿದ್ದರು. ವೈದ್ಯರು ತಲೆಗೆ ಕೈಯಿಟ್ಟುಕೊಂಡರು. ಬಿಂಬುಳಿಯಲ್ಲಿ ಆಕ್ಸಲೇಟ್ ಅಂಶ ಬಹಳ ಹೆಚ್ಚು. ಕೊಲೆಸ್ಟರಾಲ್ ಇಳಿಸಲೆಂದು ಅದರ ರಸ ಕುಡಿದು ಮೂತ್ರಪಿಂಡಕ್ಕೆ ತೀವ್ರ ಹಾನಿಯಾದ 10 ಮಂದಿಯ ವಿವರವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ. ಮೀನು ಸಾರಿಗೆ ನಾಲ್ಕು ಬಿಂಬುಳಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ. ಕಿಡ್ನಿ ಕಾಯಿಲೆ ಇರುವವರಿಗಂತೂ ದಾರೆಹುಳಿ ಹಣ್ಣು ವಿಷಕ್ಕೆ ಸಮಾನ. 'ಗಿಡಮೂಲಿಕೆಯದ್ದು, ತೊಂದರೆಯಿಲ್ಲ' ಎಂಬ ಮಾತನ್ನು ಅಂದಿನಿಂದ ನಾನು ನಂಬುವುದಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಉಪವಾಸದ ವಿಷಯ. ಈ ಸ್ಥಿತಿಯಲ್ಲಿ ಹದಿನಾಲ್ಕು ಗಂಟೆ ನೀರಿಲ್ಲದೆ ಇದ್ದರೆ ಉಳಿದಿರುವ ಸ್ವಲ್ಪ ಶಕ್ತಿಯೂ ಹೋದೀತು ಎಂದು ವೈದ್ಯರು ಎಚ್ಚರಿಸಿದ್ದರು. ಉಮ್ಮ ಒಪ್ಪಲಿಲ್ಲ. "ಹನ್ನೆರಡನೆಯ ವಯಸ್ಸಿನಿಂದ ಬಿಟ್ಟವಳಲ್ಲ. ಈಗ ಬಿಟ್ಟರೆ ಅಲ್ಲಾಹನ ಮುಂದೆ ಏನೆಂದು ಉತ್ತರಿಸಲಿ?" ಎಂದು ಅತ್ತರು. ಕೊನೆಗೆ ಉಪ್ಪ ನಮ್ಮ ಮಸೀದಿಯ ಖತೀಬರನ್ನು ಮನೆಗೆ ಕರೆತಂದರು. ಅವರು ಬಹಳ ಮೃದುವಾಗಿ ಮಾತನಾಡಿದರು. ರೋಗಿಗಳಿಗೆ ಉಪವಾಸದಲ್ಲಿ ರಿಯಾಯಿತಿ ಕೊಟ್ಟವನು ಅಲ್ಲಾಹನೇ ಅಲ್ಲವೇ? ಗುಣವಾಗುವ ನಿರೀಕ್ಷೆಯಿಲ್ಲದ ಕಾಯಿಲೆಯವರು ಪ್ರತಿ ಉಪವಾಸದ ಬದಲಿಗೆ ಒಬ್ಬ ಬಡವರಿಗೆ ಊಟ ಕೊಟ್ಟರೆ ಸಾಕು. ಜೀವಕ್ಕೆ ಅಪಾಯವಿದೆಯೆಂದು ವೈದ್ಯರು ಹೇಳಿದ ಮೇಲೂ ಹಟ ಹಿಡಿಯುವುದು ಪುಣ್ಯವಲ್ಲ ಎಂದು ತಿಳಿಹೇಳಿದರು.

ಮರುದಿನದಿಂದ ಉಮ್ಮ ತಾವೇ ನಿಂತು ಅಡುಗೆ ಮಾಡಿ, ಪಕ್ಕದ ಬಾಡಿಗೆ ಕೋಣೆಯಲ್ಲಿದ್ದ ಒಬ್ಬ ವೃದ್ಧೆಗೆ ಊಟ ಕೊಂಡುಹೋಗಿ ಕೊಡತೊಡಗಿದರು. ಆ ರಮಝಾನ್ ಮುಗಿಯುವವರೆಗೂ ಅದನ್ನು ತಪ್ಪಿಸಲಿಲ್ಲ. ನಮ್ಮಲ್ಲಿ ಸಕ್ಕರೆ, ಕಿಡ್ನಿ ಕಾಯಿಲೆ ಇರುವ ಎಷ್ಟೋ ತಾಯಂದಿರು ಮನೆಯವರಿಗೂ ಹೇಳದೆ ಉಪವಾಸ ಹಿಡಿಯುತ್ತಾರೆ. ರಮಝಾನಿಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು, ಹಿಡಿಯಬಹುದೇ, ಮಾತ್ರೆಯ ಸಮಯ ಹೇಗೆ ಬದಲಿಸಬೇಕು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಉಮ್ಮನನ್ನು ದೂರುವ ಹಕ್ಕು ನನಗಿರಲಿಲ್ಲ. ನಾನೂ ಹಾಗೆಯೇ ಮಾಡಿದವಳು. ಮದುವೆಯಾದ ಹೊಸತರಲ್ಲಿ ನನಗೆ 21 ವರ್ಷ. ತುಂಬು ಕುಟುಂಬ. ಶೌಚಾಲಯ ಮನೆಯ ಹಿಂದೆ ಅಂಗಳದಾಚೆ. ಅಲ್ಲಿಗೆ ಹೋಗಬೇಕಾದರೆ ಚಾವಡಿಯಲ್ಲಿ ಕುಳಿತ ಗಂಡಸರನ್ನು ದಾಟಬೇಕಿತ್ತು. ಗಂಟೆಗಟ್ಟಲೆ ತಡೆದುಕೊಳ್ಳುತ್ತಿದ್ದೆ. ಒಂದು ದಿನ ಉರಿಮೂತ್ರ ಆರಂಭವಾಯಿತು. ಐದೈದು ನಿಮಿಷಕ್ಕೆ ಅವಸರ, ಹೋದರೆ ಎರಡು ಹನಿ, ಬೆಂಕಿಯಂತಹ ಉರಿ. ಯಾರಲ್ಲೂ ಹೇಳಲಿಲ್ಲ. ಬಾರ್ಲಿ ನೀರು ಕುಡಿದು ನಾಲ್ಕು ದಿನ ಕಳೆದೆ. ಐದನೆಯ ದಿನ ಚಳಿಜ್ವರ, ವಾಂತಿ, ಬೆನ್ನಿನ ಒಂದು ಪಕ್ಕದಲ್ಲಿ ವಿಪರೀತ ನೋವು. ಸೋಂಕು ಮೂತ್ರಚೀಲದಿಂದ ಮೇಲೇರಿ ಮೂತ್ರಪಿಂಡವನ್ನು ಮುಟ್ಟಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಹೆಂಗಸರಿಗೆ ಈ ಸೋಂಕು ಹೆಚ್ಚಾಗಿ ಬರಲು ಕಾರಣ ನಮ್ಮ ದೇಹರಚನೆ. ಮೂತ್ರಚೀಲದಿಂದ ಹೊರಬರುವ ನಾಳ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಇದ್ದರೆ ನಮ್ಮಲ್ಲಿ 4 ಸೆಂಟಿಮೀಟರ್ ಮಾತ್ರ. ಕರುಳಿನಲ್ಲಿ ವಾಸಿಸುವ ಇ-ಕೋಲೈ ಎಂಬ ರೋಗಾಣು ಅಲ್ಲಿಂದ ಸುಲಭವಾಗಿ ಒಳಸೇರುತ್ತದೆ. ಆದ್ದರಿಂದ ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಹೆಣ್ಣುಮಕ್ಕಳಿಗೆ ಇದನ್ನು ಚಿಕ್ಕಂದಿನಲ್ಲೇ ಕಲಿಸಬೇಕು. ದಾಂಪತ್ಯ ಸಂಪರ್ಕದ ನಂತರ ಮೂತ್ರ ವಿಸರ್ಜಿಸುವುದು ಒಳ್ಳೆಯದು. ಗರ್ಭಿಣಿಯರಲ್ಲಿ ಉರಿಯಿಲ್ಲದೆಯೂ ಸೋಂಕು ಇರಬಹುದು. ಆದ್ದರಿಂದಲೇ ಅವರಿಗೆ ಮೂತ್ರ ಪರೀಕ್ಷೆ ಮಾಡಿಸುತ್ತಾರೆ, ಅದನ್ನು ತಪ್ಪಿಸಬಾರದು. ಮುಟ್ಟು ನಿಂತ ನಂತರವೂ ಈ ಸೋಂಕು ಮತ್ತೆ ಮತ್ತೆ ಬರುವುದುಂಟು. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಉರಿ ನಿಂತಿತೆಂದು ಎರಡೇ ದಿನಕ್ಕೆ ಬಿಡಬಾರದು. ಕಳೆದ ಬಾರಿ ಉಳಿದ ಮಾತ್ರೆಯನ್ನು ಈ ಬಾರಿ ನುಂಗುವುದೂ ಸರಿಯಲ್ಲ. ಜ್ವರ, ಚಳಿ, ಬೆನ್ನುನೋವು ಜೊತೆಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ನು ಕಲ್ಲಿನ ಕತೆ. ಗಲ್ಫಿನಲ್ಲಿ ಬಿಸಿಲಲ್ಲಿ ಕಟ್ಟಡದ ಕೆಲಸ ನೋಡಿಕೊಳ್ಳುವ ನನ್ನ ದೊಡ್ಡಣ್ಣನಿಗೆ ಒಂದು ರಾತ್ರಿ ಸೊಂಟದಿಂದ ತೊಡೆಯ ಸಂದಿಗೆ ಇಳಿಯುವ ನೋವು ಬಂತು. ಹೆರಿಗೆ ನೋವಿನ ಹಾಗೆ ಎನ್ನುತ್ತಾರಲ್ಲ, ಹಾಗೆ. ಮೂತ್ರದಲ್ಲಿ ರಕ್ತವೂ ಕಾಣಿಸಿತು. 9 ಮಿಲಿಮೀಟರ್ ಕಲ್ಲು. ಬೆವರಿನಲ್ಲಿ ನೀರೆಲ್ಲ ಹೋಗಿ, ಮೂತ್ರ ಗಟ್ಟಿಯಾಗಿ, ಅದರಲ್ಲಿನ ಲವಣಗಳು ಹರಳಾಗುವುದೇ ಕಲ್ಲು. ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. 5 ಮಿಲಿಮೀಟರಿಗಿಂತ ಚಿಕ್ಕವು ಬಹುತೇಕ ತಾವಾಗಿಯೇ ಹೋಗುತ್ತವೆ. ಅಣ್ಣನ ಕಲ್ಲನ್ನು ಮೂತ್ರದ ದಾರಿಯಲ್ಲೇ ಕೊಳವೆ ಇಳಿಸಿ ಲೇಸರಿನಿಂದ ಪುಡಿ ಮಾಡಿದರು. ದಿನಕ್ಕೆ ಎರಡು, ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಂತೆ ನೀರು ಕುಡಿಯಬೇಕು, ಉಪ್ಪು ಕಡಿಮೆ ಮಾಡಬೇಕು, ಮಾಂಸ ಮಿತವಾಗಿರಬೇಕು ಎಂದರು. ಹಾಲು ಬಿಡಬೇಕೆಂದು ಹಲವರು ಹೇಳುತ್ತಾರೆ. ಅದು ತಪ್ಪು, ಊಟದಲ್ಲಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದಿಡುತ್ತದೆ. ಕಲ್ಲಿನ ಜೊತೆ ಜ್ವರವಿದ್ದರೆ ಮಾತ್ರ ಮನೆಮದ್ದಿಗೆ ಕಾಯಬಾರದು.

ಇನ್ನೊಂದು ತೊಂದರೆ ಇದೆ. ಅದನ್ನು ನಾವು ಹೆಂಗಸರು ನಮ್ಮ ನಮ್ಮೊಳಗೂ ಹೇಳಿಕೊಳ್ಳುವುದಿಲ್ಲ. ನನ್ನ ನಾದಿನಿ ಮೂರನೆಯ ಹೆರಿಗೆಯ ನಂತರ ಮದುವೆ ಮನೆಗಳಿಗೆ ಬರುವುದನ್ನೇ ಬಿಟ್ಟಳು. ಅಹಂಕಾರ ಎಂದು ಎಲ್ಲರೂ ಆಡಿಕೊಂಡರು. ಕಾರಣ ಬೇರೆಯಿತ್ತು. ಕೆಮ್ಮಿದರೆ, ಸೀನಿದರೆ, ನಕ್ಕರೆ ಮೂತ್ರ ಜಾರುತ್ತಿತ್ತು. ವುಝೂ ಉಳಿಯುವುದಿಲ್ಲವೆಂದು ನಮಾಝಿಗೆ ನಿಲ್ಲಲೂ ಅವಳಿಗೆ ಭಯ. ಒಂದು ದಿನ ನನ್ನೊಡನೆ ಅತ್ತುಬಿಟ್ಟಳು. ಹೆರಿಗೆಯಲ್ಲಿ ಸಡಿಲಗೊಂಡ ಕೆಳಹೊಟ್ಟೆಯ ತಳದ ಸ್ನಾಯುಗಳಿಗೆ ವ್ಯಾಯಾಮವಿದೆ ಎಂದು ಸ್ತ್ರೀರೋಗ ತಜ್ಞೆ ಹೇಳಿಕೊಟ್ಟರು. ಮೂತ್ರ ತಡೆಯುವಾಗ ಬಿಗಿಹಿಡಿಯುವ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿಹಿಡಿದು ಸಡಿಲ ಬಿಡುವುದು. ಒಮ್ಮೆಗೆ ಹತ್ತರಂತೆ ದಿನಕ್ಕೆ ಮೂರು ಬಾರಿ. ಇದನ್ನು ಮೂತ್ರ ಮಾಡುತ್ತಿರುವಾಗ ಮಾಡಬಾರದು, ಕುಳಿತೋ ಮಲಗಿಯೋ ಮಾಡಬೇಕು. ಮೂರು ತಿಂಗಳಲ್ಲಿ ಅವಳಿಗೆ ಬಹಳಷ್ಟು ಗುಣವಾಯಿತು. ಸತತವಾಗಿ ಮೂತ್ರ ತೊಟ್ಟಿಕ್ಕುವವರು ಪ್ರತಿ ನಮಾಝಿನ ಸಮಯಕ್ಕೆ ಶುಚಿಗೊಳಿಸಿ ಹೊಸದಾಗಿ ವುಝೂ ಮಾಡಿ ನಮಾಝ್ ನಿರ್ವಹಿಸಬಹುದೆಂಬ ರಿಯಾಯಿತಿ ಧರ್ಮದಲ್ಲಿದೆ. ಅದೂ ಅವಳಿಗೆ ಗೊತ್ತಿರಲಿಲ್ಲ. ಕೇಳಲು ನಾಚಿಕೆ!

ಉಮ್ಮನ ಕತೆಗೆ ಮರಳುತ್ತೇನೆ. ಉಪ್ಪು ಕಡಿಮೆ ಮಾಡಿ, ಉಪ್ಪಿನಕಾಯಿ, ಒಣಮೀನು, ಹಪ್ಪಳ ಬಿಟ್ಟು, ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಂಡು ನಾಲ್ಕು ವರ್ಷ ಕಳೆದವು. ನೋಡಲು ಬಂದವರೆಲ್ಲ ಪ್ರೀತಿಯಿಂದ ಬೊಂಡ, ಖರ್ಜೂರ, ಬಾಳೆಹಣ್ಣು ತರುತ್ತಿದ್ದರು. ಮೂರರಲ್ಲೂ ಪೊಟ್ಯಾಶಿಯಂ ಹೆಚ್ಚು, ಉಮ್ಮನಂತಹ ರೋಗಿಗಳಲ್ಲಿ ಅದು ರಕ್ತದಲ್ಲಿ ಏರಿದರೆ ಹೃದಯವೇ ನಿಂತುಹೋಗಬಹುದು ಎಂದು ವಿವರಿಸುವಷ್ಟರಲ್ಲಿ ನಮಗೆ ಸಾಕಾಗುತ್ತಿತ್ತು. 2022ರಲ್ಲಿ ಊಟ ಸೇರದಾಯಿತು, ವಾಂತಿ, ಮೈತುರಿಕೆ, ಮಲಗಿದರೆ ಉಸಿರು ಕಟ್ಟುವುದು ಆರಂಭವಾಯಿತು. ಡಯಾಲಿಸಿಸ್ ಅನಿವಾರ್ಯವಾಯಿತು.

ಎಡಗೈಯಲ್ಲಿ ಚಿಕ್ಕ ಶಸ್ತ್ರಚಿಕಿತ್ಸೆ ಮಾಡಿ ರಕ್ತನಾಳಗಳನ್ನು ಜೋಡಿಸಿದರು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಬೇಕು. ಮೊದಲ ದಿನ ನನಗೆ ನೋಡಲಾಗಲಿಲ್ಲ. ಈ ಯಂತ್ರವನ್ನು ಮೊದಲು ಮಾಡಿದವರು ನೆದರ್‌ಲ್ಯಾಂಡ್ಸ್‌ನ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯರು ಎಂದು ನಂತರ ಓದಿದೆ. 1943ರಲ್ಲಿ, ಯುದ್ಧದ ನಡುವೆ, ಸಾಸೇಜ್ ತುಂಬುವ ಸೆಲ್ಲೋಫೇನ್ ಕೊಳವೆಯನ್ನು ಬಳಸಿ ಅದನ್ನು ತಯಾರಿಸಿದ್ದರು. 1945ರಲ್ಲಿ ಅದರಿಂದ ಮೊದಲು ಬದುಕುಳಿದವರು 67 ವರ್ಷದ ಒಬ್ಬ ಹೆಂಗಸು. ಅದನ್ನು ಉಮ್ಮನಿಗೆ ಹೇಳಿದಾಗ, "ಆ ಡಾಕ್ಟರಿಗೆ ಅಲ್ಲಾಹನು ಒಳ್ಳೆಯದು ಮಾಡಲಿ" ಎಂದರು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ನಮ್ಮ ರಾಜ್ಯದ ಅನೇಕ ತಾಲೂಕು ಆಸ್ಪತ್ರೆಗಳಲ್ಲೂ ಈ ಸೌಲಭ್ಯವಿದೆ. ಹಣವಿಲ್ಲವೆಂದು ಚಿಕಿತ್ಸೆ ಬಿಡುವ ಮೊದಲು ಅಲ್ಲಿ ವಿಚಾರಿಸಬೇಕು.

2023ರಲ್ಲಿ ನಾನೊಂದು ನಿರ್ಧಾರ ಮಾಡಿದೆ. ಉಮ್ಮನಿಗೆ ನನ್ನ ಒಂದು ಕಿಡ್ನಿ ಕೊಡುವುದು. ಒಂದೇ ಮೂತ್ರಪಿಂಡದಿಂದ ಆರೋಗ್ಯವಾಗಿ ಬದುಕಬಹುದು. 1954ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವಳಿ ಸಹೋದರರ ನಡುವೆ ಮೊದಲ ಯಶಸ್ವಿ ಕಸಿ ಮಾಡಿದರು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನಲ್ಲಿ ಆಯಿತು. 1994ರ ಕಾನೂನಿನ ಪ್ರಕಾರ ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಪತಿ-ಪತ್ನಿ ಅಂಗ ಕೊಡಬಹುದು. ನನ್ನ ಪತಿ ಒಪ್ಪಿದರು. ಉಮ್ಮ ಒಪ್ಪಲಿಲ್ಲ. "ನಿನಗೂ ಮಕ್ಕಳಿದ್ದಾರೆ. ನನ್ನದೇನು, ಆದಷ್ಟು ಆಯಿತು" ಎಂದರು. ಅವರನ್ನು ಒಪ್ಪಿಸಲು ಎರಡು ತಿಂಗಳು ಹಿಡಿಯಿತು.

ರಕ್ತದ ಗುಂಪು ಹೊಂದಿತು. ಖುಷಿಯಾಯಿತು. ನಂತರ ಒಂದೊಂದೇ ಪರೀಕ್ಷೆ. ಒಂದು ವಾರ ಕಳೆದು ವೈದ್ಯರು ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು. ನನ್ನ ರಕ್ತದೊತ್ತಡ 150/94. ಮೂರು ತಿಂಗಳ ಸರಾಸರಿ ಸಕ್ಕರೆ 7.1. ಮೂತ್ರದಲ್ಲಿ ಆಲ್ಬುಮಿನ್ 30ರೊಳಗೆ ಇರಬೇಕಾದದ್ದು 110 ಇತ್ತು.

"ನೀವು ದಾನಿಯಾಗುವಂತಿಲ್ಲ ತಾಯೀ. ನಿಮ್ಮ ಕಿಡ್ನಿಯನ್ನು ನಾವೀಗ ಉಳಿಸಿಕೊಳ್ಳಬೇಕಾಗಿದೆ."

ನನಗೆ 43 ವರ್ಷ. ಶಾಲೆಯಲ್ಲಿ ಪಾಠ ಮಾಡುವವಳು. ಐದು ವರ್ಷ ಉಮ್ಮನನ್ನು ಆಸ್ಪತ್ರೆಗೆ ಕರೆದೊಯ್ದವಳು. ಅವರ ಸಕ್ಕರೆ, ಅವರ ಕ್ರಿಯೇಟಿನಿನ್ ಎಲ್ಲವೂ ನನಗೆ ಬಾಯಿಪಾಠ. ನನ್ನದನ್ನು ಒಮ್ಮೆಯೂ ನೋಡಿಸಿರಲಿಲ್ಲ. ತಾಯಿಗೆ ಇದ್ದ ಕಾಯಿಲೆ ಮಗಳಿಗೂ ಬರಬಹುದೆಂಬ ಯೋಚನೆಯೇ ಬರಲಿಲ್ಲ. ಆಸ್ಪತ್ರೆಯ ಮೆಟ್ಟಿಲಲ್ಲಿ ಕುಳಿತು ಅತ್ತೆ. ಉಮ್ಮನಿಗೆ ಕೊಡಲಾಗಲಿಲ್ಲವೆಂಬ ದುಃಖವೋ, ನನ್ನ ಭಯವೋ, ಎರಡೂ ಇತ್ತು.

ಮನೆಗೆ ಬಂದು ಉಮ್ಮನಿಗೆ ಎಲ್ಲವನ್ನೂ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ಅವರು ನನ್ನ ತಲೆ ಸವರಿ, "ಅಲ್ಹಮ್ದುಲಿಲ್ಲಾಹ್. ನನ್ನ ಕಾಯಿಲೆಯಿಂದಾಗಿ ನಿನ್ನದು ಬೇಗ ಗೊತ್ತಾಯಿತಲ್ಲ" ಎಂದರು. ಅದು ನಿಜ. ಪ್ರೋಟೀನ್ ಸೋರಿಕೆ ತಡೆಯುವ ರಕ್ತದೊತ್ತಡದ ಮಾತ್ರೆಗಳಿವೆ. ಸಕ್ಕರೆ ಕಾಯಿಲೆಯವರ ಮೂತ್ರಪಿಂಡ ಹಾಳಾಗುವ ವೇಗವನ್ನು ತಗ್ಗಿಸುವ ಹೊಸ ಮಾತ್ರೆಗಳೂ ಈಗ ಬಂದಿವೆ. ಉಪ್ಪು ಕಡಿಮೆ ಮಾಡಿದೆ, ನಡಿಗೆ ಆರಂಭಿಸಿದೆ. ಕಳೆದ ಪರೀಕ್ಷೆಯಲ್ಲಿ ನನ್ನ ಆಲ್ಬುಮಿನ್ 40ಕ್ಕೆ ಇಳಿದಿತ್ತು. ನನ್ನ ಕ್ರಿಯೇಟಿನಿನ್ ಇನ್ನೂ ಸರಿಯಾಗಿಯೇ ಇದೆ. ಉಮ್ಮನಿಗೆ 2018ಕ್ಕೆ ಮೊದಲು ಯಾರಾದರೂ ಇದೇ ಪರೀಕ್ಷೆ ಮಾಡಿಸಿದ್ದರೆ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಅದಕ್ಕೇ ಸಹೋದರಿಯರಲ್ಲಿ ನನ್ನ ವಿನಂತಿ ಇಷ್ಟೇ. ನಿಮಗೆ ಸಕ್ಕರೆ ಅಥವಾ ರಕ್ತದೊತ್ತಡ ಇದ್ದರೆ, ತಂದೆತಾಯಿಗೆ ಕಿಡ್ನಿ ಕಾಯಿಲೆ ಇದ್ದರೆ, ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಿ. ಒಂದು ಚಮಚ ರಕ್ತ, ಒಂದು ಚಿಕ್ಕ ಡಬ್ಬಿ ಮೂತ್ರ ಸಾಕು. ಮೂತ್ರದಲ್ಲಿ ನೊರೆ, ರಕ್ತ, ಉರಿ, ಕಾಲಿನ ಊತ ಕಂಡರೆ ಹಬ್ಬ ಕಳೆಯಲಿ, ಮದುವೆ ಕಳೆಯಲಿ ಎಂದು ಕಾಯಬೇಡಿ. ಮನೆಯ ಗಂಡಸರಿಗೂ ಒಂದು ಮಾತು. ಪ್ರಯಾಣದಲ್ಲಿ ನೀವೇ ಕೇಳಿ, ನೀವೇ ವಾಹನ ನಿಲ್ಲಿಸಿ. ಅವರಾಗಿ ಹೇಳಲೆಂದು ಕಾಯಬೇಡಿ.

ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳು ಬೆಳಗ್ಗೆ ತಂದ ನೀರಿನ ಬಾಟಲಿಯನ್ನು ಸಂಜೆ ಹಾಗೆಯೇ ಮನೆಗೆ ಒಯ್ಯುತ್ತಿದ್ದರು. ಕಾರಣ ಕೇಳಿದರೆ, "ಟೀಚರ್, ಟಾಯ್ಲೆಟ್ಟಿಗೆ ಬಾಗಿಲಿನ ಚಿಲಕ ಇಲ್ಲ" ಎಂದರು. ಪೋಷಕರ ಸಭೆಯಲ್ಲಿ ನಾನೇ ಎದ್ದು ಹೇಳಿದೆ. ಚಿಲಕ ಬಂತು, ನೀರು ಬಂತು. ಕೇರಳದ ಶಾಲೆಗಳಲ್ಲಿ 2019ರಲ್ಲಿ ಆರಂಭಿಸಿದಂತೆ ನಾವೂ ದಿನಕ್ಕೆ ಮೂರು ಬಾರಿ ನೀರು ಕುಡಿಯಲು ಗಂಟೆ ಬಾರಿಸುತ್ತೇವೆ.

ಉಮ್ಮ ಈಗಲೂ ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗುತ್ತಾರೆ. ಅವರಿಗೆ ಈಗ ಮೂತ್ರ ಬರುವುದೇ ಅಪರೂಪ. ದಿನಕ್ಕೆ ಮುಕ್ಕಾಲು ಲೀಟರ್ ನೀರು ಮಾತ್ರ. ಅದನ್ನು ಬೆಳಗ್ಗೆಯೇ ಒಂದು ಬಾಟಲಿಯಲ್ಲಿ ತುಂಬಿಸಿಟ್ಟು ಗುಟುಕು ಗುಟುಕಾಗಿ ಕುಡಿಯುತ್ತಾರೆ. ಕುಡಿಯಬಹುದಾಗಿದ್ದಾಗ ನಾಚಿಕೆಯಿಂದ ಕುಡಿಯಲಿಲ್ಲ, ಈಗ ಬಾಯಾರಿದರೂ ಕುಡಿಯುವಂತಿಲ್ಲ ಎಂದು ಒಮ್ಮೊಮ್ಮೆ ನಗುತ್ತಾರೆ.

ಕಳೆದ ತಿಂಗಳು ಸಂಬಂಧಿಕರ ನಿಖಾಹ್ ಇತ್ತು. ಹಾಲಿನಲ್ಲಿ ನನ್ನ ಮಗಳು ಚಡಪಡಿಸುತ್ತಿದ್ದುದನ್ನು ಉಮ್ಮ ಗಮನಿಸಿದರು. ಎಲ್ಲರ ಎದುರೇ, "ಬಾತ್‌ರೂಮಿಗೆ ಹೋಗಬೇಕಾ? ಮೊದಲು ಹೋಗಿ ಬಾ, ಊಟ ಆಮೇಲೆ" ಎಂದರು. ಹುಡುಗಿ ಕೆಂಪಾಗಿ ನನ್ನ ಮುಖ ನೋಡಿದಳು. ನಾನು ಎದ್ದು ಅವಳ ಕೈ ಹಿಡಿದುಕೊಂಡು ಹೋದೆ. ಮರಳಿ ಬಂದಾಗ ಉಮ್ಮ ಪಕ್ಕದಲ್ಲಿ ಕುಳಿತ ಹೆಂಗಸರನ್ನು ಕೇಳುತ್ತಿದ್ದರು: "ನೀವು ಮೂತ್ರ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು?"